ಪುಟ್ಟರಾಜ ಗವಾಯಿ

ಪಂಡಿತ ಪುಟ್ಟರಾಜ ಗವಾಯಿಗಳು (೩ ಮಾರ್ಚ್ ೧೯೧೪ – ೧೭ ಸೆಪ್ಟೆಂಬರ್ ೨೦೧೦) ಹಿಂದೂಸ್ತಾನಿ ಹಾಗೂ ಕರ್ನಾಟಕ ಸಂಗೀತ ಪದ್ಧತಿಗಳೆರಡರಲ್ಲೂ ಪರಿಣತರಾಗಿದ್ದ ಗಾಯಕರು, ವಾದಕರು, ಕವಿಗಳು ಮತ್ತು ನಾಟಕಕಾರರು. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಅವರು ಗದಗಿನ ವೀರೇಶ್ವರ ಪುಣ್ಯಾಶ್ರಮದ ಮುಖ್ಯಸ್ಥರಾಗಿ ೧೯೪೪ರಿಂದ ತಮ್ಮ ಕೊನೆಯ ದಿನದವರೆಗೆ, ಅಂದರೆ ಅರುವತ್ತಾರು ವರ್ಷಗಳ ಕಾಲ, ಅಂಧರಿಗೂ ಅನಾಥರಿಗೂ ಬಡವರಿಗೂ ಅನ್ನ, ವಸತಿ ಮತ್ತು ಸಂಗೀತವಿದ್ಯೆಯನ್ನು ಉಚಿತವಾಗಿ ನೀಡಿದರು. ಭಾರತ ಸರ್ಕಾರವು ೨೦೧೦ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಉತ್ತರ ಕರ್ನಾಟಕದ ಜನರು ಅವರನ್ನು ‘ಗದಗಿನ ಅಜ್ಜಾರು’ ಎಂದೇ ಕರೆಯುತ್ತಿದ್ದರು. ಈ ಭಾಗದಲ್ಲಿ ‘ಅಜ್ಜ’ ಎಂಬುದು ವಯಸ್ಸಿಗಿಂತ ಹೆಚ್ಚಾಗಿ ಪೂಜ್ಯತೆಯನ್ನು ಸೂಚಿಸುವ ಮಾತು. ‘ಗವಾಯಿ’ ಎಂಬುದು ಗಾಯಕ ಎಂಬರ್ಥದಲ್ಲಿ ಹಿಂದೂಸ್ತಾನಿ ಸಂಗೀತದೊಡನೆ ಕನ್ನಡಕ್ಕೆ ಬಂದ ಪದ. ಅದು ವಂಶದ ಹೆಸರಲ್ಲ, ಗುರುವಿನಿಂದ ಶಿಷ್ಯನಿಗೆ ಇಳಿದು ಬಂದ ಬಿರುದು.

ಬಾಲ್ಯ

ಪುಟ್ಟರಾಜರು ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನಲ್ಲಿ ಜನಿಸಿದರು. ತಂದೆ ರೇವಯ್ಯ, ತಾಯಿ ಸಿದ್ದಮ್ಮ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಪುಟ್ಟಯ್ಯ. ಹಸುಳೆಯಾಗಿದ್ದಾಗಲೇ ಕಣ್ಣುಗಳು ಹೋದವು. ತಂದೆತಾಯಿಯರ ಆಸರೆಯೂ ಬೇಗನೆ ತಪ್ಪಿತು. ಸೋದರಮಾವ ಚಂದ್ರಶೇಖರಯ್ಯನವರು ಮಗುವನ್ನು ಸಾಕಿದರು. ಮಾವನ ಮನೆಯಲ್ಲಿದ್ದ ಹಾರ್ಮೋನಿಯಂ ಮಣೆಗಳ ಮೇಲೆ ಬಾಲಕನು ತಾನಾಗಿಯೇ ಬೆರಳಾಡಿಸಿ ಸ್ವರಗಳನ್ನು ಹುಡುಕುತ್ತಿದ್ದುದನ್ನು ಗಮನಿಸಿದ ಚಂದ್ರಶೇಖರಯ್ಯನವರು ಅವನನ್ನು ಪಂಚಾಕ್ಷರ ಗವಾಯಿಗಳಿಗೆ ಒಪ್ಪಿಸಿದರು.

ಈ ಒಪ್ಪಿಸುವಿಕೆಯ ಅರ್ಥವನ್ನು ತಿಳಿಯಲು ಆ ಕಾಲದ ಸ್ಥಿತಿಯನ್ನು ನೆನೆಯಬೇಕು. ಭಾರತದಲ್ಲಿ ಅಂಧರಿಗಾಗಿ ಮೊದಲ ಶಾಲೆ ಅಮೃತಸರದಲ್ಲಿ ತೆರೆದದ್ದು ೧೮೮೭ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂತಹದೊಂದು ಶಾಲೆ ಬಂದಿತಾದರೂ, ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಸೀಮೆಯ ಹಳ್ಳಿಗನಿಗೆ ಅದು ಬೇರೊಂದು ದೇಶವಿದ್ದಂತೆ. ಕಣ್ಣಿಲ್ಲದ, ತಂದೆತಾಯಿಯಿಲ್ಲದ ಮಗುವೊಂದಕ್ಕೆ ಊರಿನಲ್ಲಿ ಉಳಿದಿದ್ದ ದಾರಿಗಳು ಬಂಧುಗಳ ಮನೆಯ ಮೂಲೆ ಅಥವಾ ಗುಡಿಯ ಬಾಗಿಲಲ್ಲಿ ಕೈಯೊಡ್ಡುವುದು. ಮೂರನೆಯ ದಾರಿಯೊಂದನ್ನು ಆ ಸೀಮೆಯಲ್ಲಿ ತೆರೆದವರು ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು.

ಗುರು ಪಂಚಾಕ್ಷರ ಗವಾಯಿಗಳು

ಪಂಚಾಕ್ಷರ ಗವಾಯಿಗಳ ಪೂರ್ವನಾಮ ಗದಿಗೆಯ್ಯ. ೧೮೯೨ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಅವರೂ ಅಣ್ಣ ಗುರುಬಸವಯ್ಯನವರೂ ಹುಟ್ಟು ಕುರುಡರು. ಇಬ್ಬರು ಬಾಲಕರ ಕಂಠವನ್ನು ಮೆಚ್ಚಿ ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡವರು ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು (೧೮೬೭–೧೯೩೦). ೧೯೦೪ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ ೧೯೦೯ರಲ್ಲಿ ಬಾದಾಮಿಯ ಬಳಿ ಮಲಪ್ರಭಾ ನದಿಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಈ ಸ್ವಾಮಿಗಳಿಗೆ ಸಂಗೀತವು ಧರ್ಮಪ್ರಸಾರದ ಸಾಧನವೆಂಬುದರ ಅರಿವಿತ್ತು. ಅದಕ್ಕಿಂತ ಮುಖ್ಯವಾಗಿ, ಅಂಧರಿಗೆ ಅದು ಬದುಕಾಗಬಲ್ಲದೆಂಬ ದೂರದೃಷ್ಟಿಯಿತ್ತು. ಅಣ್ಣ ಗುರುಬಸವಯ್ಯನವರು ಬಹುಕಾಲ ಬದುಕಲಿಲ್ಲ. ಗದಿಗೆಯ್ಯನವರು ಕರ್ನಾಟಕ ಸಂಗೀತವನ್ನು ಮೈಸೂರು ಸೀಮೆಯಲ್ಲಿ ಕಲಿತು, ಹಿಂದೂಸ್ತಾನಿ ಸಂಗೀತಕ್ಕೆ ಮಿರಜಿನ ನೀಲಕಂಠಬುವಾ ಅವರ ಶಿಷ್ಯತ್ವವನ್ನು ಪಡೆದರು. ಮಲ್ಲಿಕಾರ್ಜುನ ಮನಸೂರರೂ ಇದೇ ನೀಲಕಂಠಬುವಾ ಅವರಲ್ಲಿ ಕಲಿತವರೆಂಬುದನ್ನು ಇಲ್ಲಿ ನೆನೆಯಬಹುದು.

ವಿದ್ಯೆ ಕೈಗೂಡಿದ ಮೇಲೆ ಅವರು ದರ್ಬಾರುಗಳನ್ನು ಅರಸಿ ಹೋಗಲಿಲ್ಲ. ಶಿಷ್ಯರ ಗುಂಪನ್ನು ಕಟ್ಟಿಕೊಂಡು ಊರೂರು ತಿರುಗುತ್ತ, ಊರವರು ಕೊಟ್ಟ ಧಾನ್ಯದಿಂದ ಹುಡುಗರ ಹೊಟ್ಟೆ ಹೊರೆಯುತ್ತ, ಒಂದು ಬಗೆಯ ಸಂಚಾರಿ ಸಂಗೀತ ಪಾಠಶಾಲೆಯನ್ನು ನಡೆಸಿದರು. ಪಾಠಶಾಲೆಗೆ ಕಟ್ಟಡವಿರಲಿಲ್ಲ. ಗುರು ಎಲ್ಲಿ ಇಳಿದುಕೊಂಡರೆ ಅಂದಿಗೆ ಅದೇ ಶಾಲೆ. ಪುಟ್ಟಯ್ಯನ ಬಾಲ್ಯದ ಹೆಚ್ಚಿನ ಕಲಿಕೆ ನಡೆದದ್ದು ಈ ತಿರುಗಾಟದಲ್ಲಿಯೇ. ಮುಂದೆ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಗದಗಿನಲ್ಲಿ ನೆಲೆ ದೊರೆತು, ಅವರ ಹೆಸರಿನಿಂದಲೇ ಆಶ್ರಮವು ‘ವೀರೇಶ್ವರ ಪುಣ್ಯಾಶ್ರಮ’ವೆನಿಸಿತು.

ಸಂಗೀತ ಶಿಕ್ಷಣ

ಪುಟ್ಟರಾಜರು ಹಿಂದೂಸ್ತಾನಿ ಗಾಯನವನ್ನು ಪಂಚಾಕ್ಷರ ಗವಾಯಿಗಳಿಂದಲೂ ಕರ್ನಾಟಕ ಸಂಗೀತವನ್ನು ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಮುಂಡರಗಿ ರಾಘವೇಂದ್ರಾಚಾರ್ಯರಿಂದಲೂ ಕಲಿತರು. ಗಾಯನದ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು, ವೀಣೆ, ಸಾರಂಗಿ, ಮೃದಂಗ, ಶಹನಾಯಿ ಮುಂತಾದ ಹಲವು ವಾದ್ಯಗಳನ್ನು ಕರಗತ ಮಾಡಿಕೊಂಡರು.

ಎರಡು ಪದ್ಧತಿಗಳನ್ನು ಕಲಿತರೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವುದು ಸುಲಭ. ಆದರೆ ಅದರ ಕಷ್ಟ ಸಣ್ಣದಲ್ಲ. ಕರ್ನಾಟಕ ಸಂಗೀತದಲ್ಲಿ ಕೃತಿಯೇ ಕೇಂದ್ರ. ಪಲ್ಲವಿ, ಅನುಪಲ್ಲವಿ, ಚರಣಗಳನ್ನು ಸಂಗತಿಗಳ ಸಹಿತ ಗುರು ಹೇಳಿಕೊಟ್ಟಂತೆ ಒಪ್ಪಿಸಬೇಕು, ತಾಳವನ್ನು ತನ್ನ ಕೈಯಲ್ಲಿಯೇ ಹಾಕಿಕೊಳ್ಳಬೇಕು. ಹಿಂದೂಸ್ತಾನಿಯಲ್ಲಿ ಬಂದಿಶು ಎರಡೇ ಸಾಲು. ಅದನ್ನು ಹಿಡಿದುಕೊಂಡು ರಾಗವನ್ನು ನಿಧಾನವಾಗಿ ಬೆಳೆಸುವುದೇ ಗಾಯಕನ ಕೆಲಸ, ಆವರ್ತನದ ಲೆಕ್ಕ ತಬಲಾದ ಠೇಕಾದಲ್ಲಿ ಕೇಳಿಬರುತ್ತದೆ. ಕಂಠದ ಓಲಾಟವೂ ಬೇರೆ: ಒಂದರಲ್ಲಿ ಸ್ವರವನ್ನು ಗಮಕದಿಂದ ಅಲುಗಿಸುವುದೇ ಅಂದ, ಇನ್ನೊಂದರಲ್ಲಿ ಅದನ್ನು ನೇರವಾಗಿ ನಿಲ್ಲಿಸುವುದು ಅಂದ. ಒಂದರ ಅಭ್ಯಾಸ ಇನ್ನೊಂದನ್ನು ಕೆಡಿಸುತ್ತದೆಂದು ಎರಡೂ ಕಡೆಯ ವಿದ್ವಾಂಸರು ಶಿಷ್ಯರನ್ನು ಎಚ್ಚರಿಸುವುದುಂಟು. ಈ ಪರಂಪರೆಯ ಗುರುಶಿಷ್ಯರಿಗೆ ‘ಉಭಯ ಗಾನ ವಿಶಾರದ’ ಎಂಬ ಬಿರುದು ಸಂದುದು ಈ ಹಿನ್ನೆಲೆಯಲ್ಲಿ ನೋಡಿದರೆ ಬರಿಯ ಹೊಗಳಿಕೆಯ ಮಾತಲ್ಲ.

ಧಾರವಾಡ ಸೀಮೆಯ ಭೂಗೋಳವೂ ಇದಕ್ಕೆ ನೆರವಾಯಿತು. ಮಿರಜಿನಲ್ಲಿ ನೆಲೆಸಿದ ಉಸ್ತಾದ್ ಅಬ್ದುಲ್ ಕರೀಂ ಖಾನರಂಥವರ ಓಡಾಟದಿಂದ ಹಿಂದೂಸ್ತಾನಿ ಸಂಗೀತವು ಹುಬ್ಬಳ್ಳಿ, ಧಾರವಾಡ, ಕುಂದಗೋಳಗಳಲ್ಲಿ ಬೇರುಬಿಟ್ಟಿತ್ತು. ತುಂಗಭದ್ರೆಯ ಆಚೆಗೆ ಕರ್ನಾಟಕ ಸಂಗೀತದ ಸೀಮೆ. ಗದಗು ಇವೆರಡರ ನಡುವಣ ಊರು. ಕುಮಾರವ್ಯಾಸನ ವೀರನಾರಾಯಣನ ಗುಡಿಯಿರುವ ಈ ಊರಿನಲ್ಲಿ ಕಾವ್ಯವಾಚನ, ಕೀರ್ತನೆ, ಕಂಪನಿ ನಾಟಕ, ಬೈಠಕ್ ಎಲ್ಲವಕ್ಕೂ ಕೇಳುಗರಿದ್ದರು.

೧೯೪೪ ಮತ್ತು ಅನಂತರ

೧೯೪೪ರ ಜೂನ್ ೧೧ರಂದು ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ಆಶ್ರಮದ ಹೊಣೆ ಮೂವತ್ತು ವರ್ಷದ ಪುಟ್ಟರಾಜರ ಮೇಲೆ ಬಿದ್ದಿತು. ಅದು ಯುದ್ಧದ ಕಾಲ. ಧಾನ್ಯ ಪಡಿತರದಲ್ಲಿ ಸಿಗುತ್ತಿತ್ತು, ಬಟ್ಟೆಗೆ ಬರವಿತ್ತು. ಆಶ್ರಮಕ್ಕೆ ಜಹಗೀರಿಯಾಗಲಿ ಸರ್ಕಾರದ ನಿಶ್ಚಿತ ಅನುದಾನವಾಗಲಿ ಇರಲಿಲ್ಲ. ಗುರುವಿನ ಹೆಸರೊಂದೇ ಬಂಡವಾಳ. ಒಬ್ಬ ಯುವ ಗಾಯಕನಿಗೆ ಆಗ ಇನ್ನೊಂದು ಆಯ್ಕೆಯೂ ಇತ್ತು. ಅವರ ಗುರುಬಂಧು ಬಸವರಾಜ ರಾಜಗುರುಗಳು (೧೯೧೭–೧೯೯೧) ಆಯ್ದುಕೊಂಡಂತೆ ಕಛೇರಿ ಗಾಯಕನಾಗಿ ದೇಶವನ್ನು ಸುತ್ತಬಹುದಾಗಿತ್ತು. ೧೯೩೬ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರನೂರನೆಯ ವರ್ಷದ ಉತ್ಸವವು ಹಂಪಿಯಲ್ಲಿ ನಡೆದಾಗ ತರುಣ ರಾಜಗುರುಗಳು ಹಾಡಿದರು, ತಬಲಾ ಸಾಥಿಗೆ ಕುಳಿತವರು ಸ್ವತಃ ಗುರು ಪಂಚಾಕ್ಷರ ಗವಾಯಿಗಳು. ಅಂತಹ ಮನೆತನದ ಗಾಯಕನಿಗೆ ವೇದಿಕೆಗಳ ಕೊರತೆ ಆಗುತ್ತಿರಲಿಲ್ಲ. ಪುಟ್ಟರಾಜರು ಆಶ್ರಮವನ್ನು ಆಯ್ದುಕೊಂಡರು.

ಈ ಆಯ್ಕೆಗೆ ಅವರು ತೆತ್ತ ಬೆಲೆಯನ್ನು ಅಭಿಮಾನಿಗಳು ಬರೆದ ಚರಿತ್ರೆಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಕಛೇರಿ ಗಾಯಕನ ವರ್ಷಗಳನ್ನು ಧ್ವನಿಮುದ್ರಿಕೆಗಳು, ಆಕಾಶವಾಣಿ ಕಾರ್ಯಕ್ರಮಗಳು, ಸಂಗೀತ ಸಮ್ಮೇಳನಗಳು ಅಳೆಯುತ್ತವೆ. ಪುಟ್ಟರಾಜರ ವರ್ಷಗಳನ್ನು ಅಳೆದದ್ದು ಮುನ್ನೂರು ಎಲೆಗೆ ಸಾಲುವಷ್ಟು ಜೋಳ ಬಂದಿತೇ ಎಂಬಂತಹ ಲೆಕ್ಕಗಳು. ಅವರ ಸಮಕಾಲೀನರಾದ ಮನಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ರಾಜಗುರು ಇವರ ಹೆಸರುಗಳು ದೇಶದ ಸಂಗೀತರಸಿಕರ ಬಾಯಲ್ಲಿ ನಿಂತಂತೆ ಪುಟ್ಟರಾಜರ ಗಾಯನ ನಿಲ್ಲಲಿಲ್ಲ. ನಿಂತದ್ದು ಅವರ ಶಿಷ್ಯರ ಗಾಯನ.

ನಾಟ್ಯ ಸಂಘ

ಆಶ್ರಮವನ್ನು ನಡೆಸಲು ಹಣ ಬೇಕಾಗಿತ್ತು. ಅದಕ್ಕೆ ಗುರುಶಿಷ್ಯರು ಕಂಡುಕೊಂಡ ಮಾರ್ಗ ನಾಟಕ. ಗದಗು ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ನೆಲೆ. ಕಂಪನಿ ನಾಟಕವೆಂದರೆ ಹಾಡು, ಹಾಡೆಂದರೆ ರಾಗ, ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿ ಒಂದೇ ಪದವನ್ನು ಹಲವು ಸಲ ಹಾಡಿಸುತ್ತಿದ್ದ ಕಾಲ. ಸಂಗೀತ ಬಲ್ಲ ಹುಡುಗರಿರುವ ಆಶ್ರಮವು ನಾಟಕ ಕಂಪನಿ ಕಟ್ಟುವುದು ಸಹಜವಾಗಿಯೇ ಇತ್ತು. ಕುಮಾರೇಶ್ವರ ಕೃಪಾಪೋಷಿತ ಪಂಚಾಕ್ಷರ ಗವಾಯಿಗಳವರ ನಾಟ್ಯ ಸಂಘವೆಂಬ ಹೆಸರಿನ ಈ ಕಂಪನಿಗೆ ಪುಟ್ಟರಾಜರು ನಾಟಕಗಳನ್ನು ಬರೆದರು, ಪದಗಳಿಗೆ ಸಂಗೀತ ಹಾಕಿದರು, ಕಲಾವಿದರನ್ನು ತರಬೇತುಗೊಳಿಸಿದರು. ಶರಣರ ಮತ್ತು ಶಿವಭಕ್ತರ ಕಥೆಗಳೇ ಹೆಚ್ಚು. ಟಿಕೆಟಿನ ಹಣ ಆಶ್ರಮದ ಅಡುಗೆಮನೆಗೆ ಹೋಗುತ್ತಿತ್ತು.

ಅಂಧ ಕಲಾವಿದರೂ ರಂಗದ ಮೇಲೆ ಪಾತ್ರ ವಹಿಸುತ್ತಿದ್ದುದು ಈ ಕಂಪನಿಯ ವಿಶೇಷ. ರಂಗದ ಅಂಚಿಗೆ ಎಷ್ಟು ಹೆಜ್ಜೆ, ಸಿಂಹಾಸನ ಯಾವ ಕಡೆಗೆ, ಎದುರು ಪಾತ್ರಧಾರಿಯ ದನಿ ಎಲ್ಲಿಂದ ಬರುತ್ತಿದೆ ಎಂಬುದನ್ನು ಕಿವಿ ಮತ್ತು ಕಾಲಿನಿಂದಲೇ ಅಳೆದು ನಟಿಸುವುದು ಸಾಮಾನ್ಯ ಅಭ್ಯಾಸಕ್ಕೆ ನಿಲುಕುವ ಮಾತಲ್ಲ. ವೃತ್ತಿ ರಂಗಭೂಮಿಯ ಇತಿಹಾಸ ಬರೆಯುವವರು ಈ ಅಧ್ಯಾಯಕ್ಕೆ ಇನ್ನಷ್ಟು ಪುಟಗಳನ್ನು ಕೊಡಬೇಕಾಗಿದೆ.

ಆಶ್ರಮದಲ್ಲಿ ಪಾಠ

ಪುಣ್ಯಾಶ್ರಮದ ಪಾಠಕ್ರಮವು ಗುರುಕುಲದ್ದು. ಜಾತಿಮತಗಳ ಭೇದವಿಲ್ಲದೆ ಮಕ್ಕಳನ್ನು ಸೇರಿಸಿಕೊಂಡು ಊಟ, ವಸತಿ, ವಿದ್ಯೆ ಮೂರನ್ನೂ ಶುಲ್ಕವಿಲ್ಲದೆ ಕೊಡಲಾಗುತ್ತದೆ. ವೀರಶೈವ ಪರಿಭಾಷೆಯಲ್ಲಿ ಇದು ದಾಸೋಹ. ಕಲಿಕೆ ಕಿವಿಯಿಂದ ಕಂಠಕ್ಕೆ. ಭಾತಖಂಡೆಯವರ ಸ್ವರಲಿಪಿ ಪುಸ್ತಕಗಳು ಕಣ್ಣಿದ್ದವರಿಗೆ ಸರಿ, ಅಂಧ ವಿದ್ಯಾರ್ಥಿಗೆ ಸ್ಮರಣೆಯೇ ಪುಸ್ತಕ. ಗುರು ಹಾಡಿದ ಸಾಲನ್ನು ಹಾಗೆಯೇ ತಿರುಗಿ ಹಾಡಬೇಕು, ತಪ್ಪಿದರೆ ಮತ್ತೆ ಹಾಡಬೇಕು. ತಬಲಾದ ಬೋಲುಗಳನ್ನು ಕೈ ಎತ್ತುವ ಮುನ್ನ ಬಾಯಲ್ಲಿ ಹೇಳಬೇಕು. ಬಾಯಿ ತಪ್ಪದ ಮೇಲೆ ಕೈ. ಹಾರ್ಮೋನಿಯಂ ಕಲಿಸುವಾಗ ಶಿಷ್ಯನ ಬೆರಳುಗಳನ್ನು ಹಿಡಿದು ಮಣೆಗಳ ಮೇಲಿರಿಸಬೇಕು. ಕಪ್ಪು ಮಣೆಗಳು ಎರಡು, ಮೂರರ ಗುಂಪಾಗಿ ಬಿಳಿ ಮಣೆಗಳಿಗಿಂತ ಎತ್ತರದಲ್ಲಿರುವುದರಿಂದ ಕಣ್ಣಿಲ್ಲದವನ ಬೆರಳಿಗೆ ಸ್ಥಾನ ಬೇಗ ತಿಳಿಯುತ್ತದೆ.

ಈ ವಾದ್ಯದ ಬಗ್ಗೆ ಒಂದು ಮಾತು. ಶ್ರುತಿಗಳ ಸೂಕ್ಷ್ಮವನ್ನು ನುಡಿಸಲಾರದು, ಸ್ವರದಿಂದ ಸ್ವರಕ್ಕೆ ಮೀಂಡ್ ಎಳೆಯಲಾರದು ಎಂಬ ಕಾರಣಗಳಿಂದ ಆಕಾಶವಾಣಿಯು ೧೯೪೦ರಲ್ಲಿ ಹಾರ್ಮೋನಿಯಂ ಮೇಲೆ ನಿಷೇಧ ಹೇರಿ ೧೯೭೧ರವರೆಗೆ ಅದನ್ನು ಸಡಿಲಿಸಲಿಲ್ಲ. ಪಂಡಿತರ ಆಕ್ಷೇಪ ಸಂಗೀತದ ದೃಷ್ಟಿಯಿಂದ ತಪ್ಪೇನಲ್ಲ. ಆದರೆ ಅಗ್ಗದ, ಗಟ್ಟಿಮುಟ್ಟಾದ, ಶ್ರುತಿ ಮಾಡಬೇಕಾಗಿಲ್ಲದ ಈ ಪೆಟ್ಟಿಗೆ ಇರದಿದ್ದರೆ ಉತ್ತರ ಕರ್ನಾಟಕದ ಎಷ್ಟೋ ಅಂಧ ಬಾಲಕರಿಗೆ ಸಂಗೀತದ ಬಾಗಿಲು ತೆರೆಯುತ್ತಿರಲಿಲ್ಲ. ಪುಟ್ಟಯ್ಯನಿಗೆ ಮೊದಲು ತೆರೆದುದೂ ಅದೇ.

ಆಶ್ರಮದಿಂದ ಹೊರಬಂದವರೆಲ್ಲರೂ ಕಛೇರಿ ವಿದ್ವಾಂಸರಾಗಲಿಲ್ಲ, ಆಗಬೇಕೆಂಬ ನಿರೀಕ್ಷೆಯೂ ಇರಲಿಲ್ಲ. ಅನೇಕರು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದರು, ನಾಟಕ ಕಂಪನಿಗಳ ಹಾರ್ಮೋನಿಯಂ ಮಾಸ್ತರರಾದರು, ಆಕಾಶವಾಣಿಯ ಕಲಾವಿದರಾದರು. ಇನ್ನೂ ಹೆಚ್ಚಿನವರು ಹಿಡಿದದ್ದು ಪುರಾಣ ಪ್ರವಚನದ ದಾರಿ. ಶ್ರಾವಣಮಾಸದಲ್ಲಿ ಉತ್ತರ ಕರ್ನಾಟಕದ ಮಠಗಳಲ್ಲಿ, ಊರ ಗುಡಿಗಳಲ್ಲಿ ತಿಂಗಳುಗಟ್ಟಲೆ ಪುರಾಣ ನಡೆಯುತ್ತದೆ. ಪುರಾಣಿಕರು ಪದ್ಯದ ಅರ್ಥ ಬಿಡಿಸುತ್ತಾರೆ, ಗವಾಯಿಗಳು ಪದ್ಯವನ್ನು ಹಾಡುತ್ತಾರೆ, ಮಧ್ಯೆ ವಚನಗಳನ್ನು ಹೇಳುತ್ತಾರೆ, ತಬಲಾದವರು ಸಾಥಿ ಕೊಡುತ್ತಾರೆ. ಹೊಲದಿಂದ ಬಂದು ಕುಳಿತ ಒಕ್ಕಲಿಗನು ಭೀಮಪಲಾಸ, ಯಮನ, ಭೈರವಿಗಳನ್ನು ಹೆಸರರಿಯದೆಯೇ ಗುರುತಿಸುವಂತಾದದ್ದು ಈ ಗವಾಯಿಗಳಿಂದ. ಮುಂಬಯಿ, ಪುಣೆಗಳ ಸಂಗೀತ ಸಭೆಗಳು ಬೆಳೆಸಿದ ಶ್ರೋತೃವರ್ಗವೊಂದಾದರೆ, ಟಿಕೆಟಿಲ್ಲದೆ ಬೆಳೆದ ಈ ಶ್ರೋತೃವರ್ಗ ಇನ್ನೊಂದು. ಪುಟ್ಟರಾಜರ ಸಂಗೀತಸೇವೆಯನ್ನು ತೂಗುವಾಗ ಇದನ್ನು ಮೊದಲು ಎಣಿಸಬೇಕೆಂಬುದು ನ್ಯಾಯ.

ಕುರುಡರಿಗೆ ಸಂಗೀತವೇ ಗತಿಯೆಂಬ ಭಾವನೆಯನ್ನು ಇಂತಹ ಸಂಸ್ಥೆಗಳು ಗಟ್ಟಿಗೊಳಿಸಿದವೆಂಬ ಟೀಕೆಯೂ ಇದೆ. ಇಂದು ಗಣಕಯಂತ್ರದ ಓದುಗ ತಂತ್ರಾಂಶಗಳ ನೆರವಿನಿಂದ ದೃಷ್ಟಿಹೀನರು ಬ್ಯಾಂಕುಗಳಲ್ಲಿ, ನ್ಯಾಯಾಲಯಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ದುಡಿಯುತ್ತಿರುವಾಗ ಈ ಟೀಕೆಗೆ ಅರ್ಥವಿದೆ. ೧೯೨೦ರ ಅಥವಾ ೧೯೫೦ರ ಹಳ್ಳಿಯಲ್ಲಿ ಆ ಬಾಗಿಲುಗಳು ಇರಲೇ ಇಲ್ಲ.

ಸಾಹಿತ್ಯ ಕೃತಿಗಳು

ಪುಟ್ಟರಾಜರು ಕನ್ನಡ, ಸಂಸ್ಕೃತ ಮತ್ತು ಹಿಂದಿ ಭಾಷೆಗಳಲ್ಲಿ ಎಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ್ದಾರೆ. ಪುರಾಣ, ನಾಟಕ, ಸ್ತೋತ್ರ, ಸಂಗೀತಶಾಸ್ತ್ರ ಇವುಗಳ ವ್ಯಾಪ್ತಿ. ಕನ್ನಡದಲ್ಲಿ ರಚಿಸಿದ ಅಕ್ಕಮಹಾದೇವಿ ಪುರಾಣವು ಪ್ರವಚನಗಳಲ್ಲಿ ಬಳಕೆಯಲ್ಲಿದೆ. ಹಿಂದಿಯಲ್ಲಿ ರಚಿಸಿದ ಬಸವ ಪುರಾಣವು ಕರ್ನಾಟಕದ ಹೊರಗೆ ಬಸವಣ್ಣನವರ ಚರಿತೆಯನ್ನು ಒಯ್ದ ಕೃತಿ. ಹಿಂದಿ ಮಾತೃಭಾಷೆಯಲ್ಲದ, ಅಚ್ಚಿನ ಅಕ್ಷರವನ್ನು ಎಂದೂ ಕಾಣದ ಕವಿಯೊಬ್ಬರು ಆ ಭಾಷೆಯ ಛಂದಸ್ಸಿನಲ್ಲಿ ಪುರಾಣವೊಂದನ್ನು ಕಟ್ಟಿದರೆಂಬುದು ಸಾಧಾರಣ ಸಂಗತಿಯಲ್ಲ.

ಅವರು ಬ್ರೈಲ್ ಲಿಪಿಯನ್ನು ಕಲಿತಿದ್ದರು. ಭಗವದ್ಗೀತೆಯನ್ನು ಆ ಲಿಪಿಗೆ ಇಳಿಸಿದರು. ಫ್ರಾನ್ಸಿನ ಲೂಯಿ ಬ್ರೈಲ್ (೧೮೦೯–೧೮೫೨) ರೂಪಿಸಿದ ಈ ಲಿಪಿಯಲ್ಲಿ ಆರು ಉಬ್ಬು ಚುಕ್ಕೆಗಳ ಜೋಡಣೆಯಿಂದ ಅಕ್ಷರಗಳು ಮೂಡುತ್ತವೆ. ಬ್ರೈಲ್ ಸ್ವತಃ ಅಂಧರು, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ೧೮೨೯ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಅಕ್ಷರಗಳ ಜೊತೆಗೆ ಸಂಗೀತವನ್ನು ಬರೆಯುವ ಕ್ರಮವೂ ಇತ್ತು. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಒಪ್ಪಿತವಾದದ್ದು ೧೯೫೧ರಲ್ಲಿ.

ಪುರಾಣಗಳ ಕಾವ್ಯಗುಣವನ್ನು ನವೋದಯದ ಅಥವಾ ನವ್ಯದ ಅಳತೆಗೋಲಿನಿಂದ ಅಳೆಯುವುದು ಸರಿಯಾಗದು. ಇವು ಮೌನವಾಗಿ ಓದಲು ಬರೆದವಲ್ಲ, ಹಾಡಲು ಬರೆದವು. ಷಟ್ಪದಿಯ ನಡೆಯನ್ನು ತಾಳದೊಡನೆ ಹೊಂದಿಸಿಕೊಂಡು, ಗವಾಯಿಗೆ ನಿಲ್ಲಲು ಎಡೆಯಿರುವಂತೆ ಪದಗಳನ್ನು ಇರಿಸಿದ ರಚನೆಗಳಾದ್ದರಿಂದ ಪುಟದ ಮೇಲೆ ಸಪ್ಪೆಯೆನಿಸಿದ ಸಾಲು ಕಂಠದಲ್ಲಿ ಜೀವ ತಳೆಯುತ್ತದೆ.

ವಚನ ಗಾಯನ

ಫ. ಗು. ಹಳಕಟ್ಟಿಯವರ (೧೮೮೦–೧೯೬೪) ಶ್ರಮದಿಂದ ವಚನಗಳ ತಾಳೆಗರಿಗಳು ಅಚ್ಚಿಗೆ ಬಂದ ಮೇಲೆ, ಅವುಗಳನ್ನು ರಾಗದಲ್ಲಿ ಹಾಡುವ ಪ್ರಯತ್ನಗಳು ಹೆಚ್ಚಿದವು. ವಚನ ಗದ್ಯವೂ ಅಲ್ಲ, ಪದ್ಯವೂ ಅಲ್ಲ. ಅದಕ್ಕೆ ಪ್ರಾಸ, ಮಾತ್ರೆಗಳ ಕಟ್ಟು ಇಲ್ಲ. ತಾಳದೊಳಗೆ ಕೂರಿಸಿದರೆ ಮಾತಿನ ಬಿರುಸು ಮೆತ್ತಗಾಗುತ್ತದೆ, ಕೂರಿಸದಿದ್ದರೆ ಹಾಡಾಗುವುದಿಲ್ಲ. ಪಂಚಾಕ್ಷರ ಗವಾಯಿಗಳ ಪರಂಪರೆಯ ಗಾಯಕರು ಇದಕ್ಕೆ ಒಳ್ಳೆಯ ಪರಿಹಾರಗಳನ್ನು ಕಂಡುಕೊಂಡರು. ರಾಜಗುರುಗಳೂ ಸಿದ್ಧರಾಮ ಜಂಬಲದಿನ್ನಿಯವರೂ ವಚನಗಳನ್ನು ಹಾಡಿ ಜನಪ್ರಿಯಗೊಳಿಸಿದರು. ಪುಟ್ಟರಾಜರು ಅದನ್ನು ಆಶ್ರಮದ ಪಾಠದಲ್ಲಿಯೇ ಸೇರಿಸಿದ್ದರಿಂದ, ರಾಗಪಾಠದ ಜೊತೆಗೆ ವಚನವೂ ವಿದ್ಯಾರ್ಥಿಯ ಬಾಯಿಗೆ ಬಂದಿತು.

ಶಿಷ್ಯರು

ಪುಟ್ಟರಾಜರ ಶಿಷ್ಯರಲ್ಲಿ ಇಂದು ದೇಶದಾದ್ಯಂತ ಹೆಸರಾದವರು ಪಂಡಿತ ಎಂ. ವೆಂಕಟೇಶಕುಮಾರ್. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಜಾನಪದ ಗಾಯಕರೊಬ್ಬರ ಮಗನಾದ ಅವರು ಹನ್ನೆರಡನೆಯ ವಯಸ್ಸಿನಲ್ಲಿ ಆಶ್ರಮ ಸೇರಿ ಸುಮಾರು ಹನ್ನೆರಡು ವರ್ಷ ಅಲ್ಲಿಯೇ ಇದ್ದು ಕಲಿತರು. ಅವರನ್ನು ಆಶ್ರಮಕ್ಕೆ ಕರೆತಂದವರು ಸೋದರಮಾವ, ರಂಗಕಲಾವಿದ ಬೆಳಗಲ್ಲು ವೀರಣ್ಣನವರು. ಪುಟ್ಟಯ್ಯನ ಕಥೆಯಲ್ಲಿಯೂ ಮಗುವನ್ನು ಗುರುವಿಗೆ ಒಪ್ಪಿಸಿದವರು ಸೋದರಮಾವನೇ. ವೆಂಕಟೇಶಕುಮಾರರು ಅಂಧರಲ್ಲ. ಬಡತನವೊಂದೇ ಅವರಿಗಿದ್ದ ಅರ್ಹತೆ, ಆಶ್ರಮಕ್ಕೆ ಅಷ್ಟು ಸಾಕಾಗಿತ್ತು. ೨೦೧೬ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಗ್ವಾಲಿಯರ್ ಮತ್ತು ಕಿರಾನಾ ಘರಾಣೆಗಳ ಛಾಯೆಗಳನ್ನು ಹೊತ್ತ ಅವರ ಗಾಯನದಲ್ಲಿ, ಕಛೇರಿಯ ಕೊನೆಗೆ ಬರುವ ವಚನ ಹಾಗೂ ದಾಸರ ಪದಗಳಲ್ಲಿ, ಗದಗಿನ ಪಾಠದ ಗುರುತು ಸ್ಪಷ್ಟವಾಗಿ ಕೇಳಿಸುತ್ತದೆ. ಪಂಚಾಕ್ಷರಿಸ್ವಾಮಿ ಮತ್ತಿಗಟ್ಟಿ, ರಾಜಗುರು ಗುರುಸ್ವಾಮಿ ಕಲಿಕೇರಿ ಮೊದಲಾದವರೂ ಇದೇ ಪರಂಪರೆಯವರು. ಪುಟ್ಟರಾಜರ ತರುವಾಯ ಆಶ್ರಮದ ಹೊಣೆಯನ್ನು ಹೊತ್ತವರು ಕಲ್ಲಯ್ಯಜ್ಜನವರು.

ತುಲಾಭಾರ

ಭಕ್ತರು ಪುಟ್ಟರಾಜರನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ ಇನ್ನೊಂದರಲ್ಲಿ ನಾಣ್ಯಗಳನ್ನು ತುಂಬಿ ತೂಗುವ ತುಲಾಭಾರ ಸೇವೆಯು ಊರೂರುಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ನಡೆಯಿತು. ಹೊರಗಿನವರಿಗೆ ಇದು ಸ್ವಾಮಿಗಳ ವೈಭವದಂತೆ ಕಾಣಬಹುದು. ತೂಗಿದ ನಾಣ್ಯವೆಲ್ಲವೂ ಆಶ್ರಮದ ದಾಸೋಹಕ್ಕೆ ಸಲ್ಲುತ್ತಿತ್ತು. ಕೃಶಕಾಯರಾದ ವೃದ್ಧರೊಬ್ಬರು ಎಂಬತ್ತು, ತೊಂಬತ್ತರ ವಯಸ್ಸಿನಲ್ಲಿಯೂ ತಕ್ಕಡಿಯೇರಿ ಕುಳಿತದ್ದು ಹುಡುಗರ ಊಟಕ್ಕಾಗಿ. ನಾಟಕಕ್ಕೆ ಪ್ರೇಕ್ಷಕರು ಕಡಿಮೆಯಾಗಿ ಸಿನಿಮಾ, ದೂರದರ್ಶನಗಳು ಬಂದ ಮೇಲೆ ಆಶ್ರಮದ ಆದಾಯದಲ್ಲಿ ತುಲಾಭಾರದ ಪಾಲು ದೊಡ್ಡದಾಯಿತು.

ಇತರ ಅಂಧ ಸಂಗೀತಗಾರರೊಡನೆ ಹೋಲಿಕೆ

ಭಾರತದಲ್ಲಿ ಅಂಧ ಗಾಯಕರ ಪರಂಪರೆಯನ್ನು ಜನಮನವು ಸೂರದಾಸರಿಂದ ಆರಂಭಿಸುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಬಂಗಾಳದ ಕೆ. ಸಿ. ಡೇ (೧೮೯೩–೧೯೬೨) ಹಾಡು ಮತ್ತು ಚಲನಚಿತ್ರಗಳಿಂದಲೂ, ರವೀಂದ್ರ ಜೈನ್ (೧೯೪೪–೨೦೧೫) ಹಿಂದಿ ಚಿತ್ರಸಂಗೀತದಿಂದಲೂ ಪ್ರಸಿದ್ಧರಾದರು. ಅಮೆರಿಕದ ರೇ ಚಾರ್ಲ್ಸ್ (೧೯೩೦–೨೦೦೪) ಏಳು ವರ್ಷದ ಹೊತ್ತಿಗೆ ಕಣ್ಣು ಕಳೆದುಕೊಂಡು, ಫ್ಲೋರಿಡಾದ ಸೇಂಟ್ ಆಗಸ್ಟೀನಿನ ಕಿವುಡ ಹಾಗೂ ಅಂಧರ ಶಾಲೆಯಲ್ಲಿ ಬ್ರೈಲ್ ಸ್ವರಲಿಪಿಯ ಮೂಲಕ ಪಿಯಾನೋ ಕಲಿತರು. ಕರಿಯರ ಚರ್ಚುಗಳ ಭಕ್ತಿಗೀತೆಯ ಧಾಟಿಯನ್ನು ಲೌಕಿಕ ಹಾಡಿಗೆ ತಂದು ಅವರು ೧೯೫೦ರ ದಶಕದಲ್ಲಿ ರೂಪಿಸಿದ ಪ್ರಕಾರಕ್ಕೆ ‘ಸೋಲ್’, ಅಂದರೆ ಆತ್ಮದ ಸಂಗೀತ, ಎಂಬ ಹೆಸರು ನಿಂತಿತು. ದೇವರ ಹಾಡನ್ನು ಪ್ರೇಮದ ಹಾಡಾಗಿಸಿದರೆಂದು ಚರ್ಚಿನ ಹಿರಿಯರು ಅವರನ್ನು ಆಕ್ಷೇಪಿಸಿದರು. ಗದಗಿನಲ್ಲಿ ನಡೆದದ್ದು ಇದರ ವಿಲೋಮ: ದರ್ಬಾರಿನಲ್ಲಿ ಬೆಳೆದ ಖ್ಯಾಲ್ ಸಂಗೀತವನ್ನು ಗವಾಯಿಗಳು ಮಠದ ಅಂಗಳಕ್ಕೆ, ಶಿವಭಕ್ತರ ಕಥೆಗೆ ತಂದರು. ಎರಡೂ ಕಡೆ ಕಣ್ಣಿಲ್ಲದ ಬಾಲಕನಿಗೆ ಕೈಹಿಡಿದು ಕಲಿಸಿದ ಶಾಲೆಯೊಂದು ಇತ್ತೆಂಬುದೇ ಸಾಮ್ಯ. ಒಂದು ಸರ್ಕಾರ ನಡೆಸಿದ್ದು, ಇನ್ನೊಂದು ಊರವರು ಕೊಟ್ಟ ಕಾಳಿನಿಂದ ನಡೆದದ್ದು.

ಪ್ರಶಸ್ತಿ, ಗೌರವಗಳು

೨೦೧೦ರ ಪದ್ಮಭೂಷಣವಲ್ಲದೆ, ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಗೌರವ, ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಹಾಗೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿಗಳು ಅವರಿಗೆ ಸಂದಿವೆ. ಪದ್ಮಭೂಷಣ ಬಂದಾಗ ಅವರ ವಯಸ್ಸು ತೊಂಬತ್ತಾರರ ಸಮೀಪದಲ್ಲಿತ್ತು. ಅವರ ಶಿಷ್ಯರ ಶಿಷ್ಯರು ಆಗಲೇ ಗುರುಗಳಾಗಿದ್ದರು.

ಚಲನಚಿತ್ರ

ಗುರು ಪಂಚಾಕ್ಷರ ಗವಾಯಿಗಳ ಜೀವನವನ್ನು ಆಧರಿಸಿ ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರವು ೧೯೯೫ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಎರಡನ್ನು ಪಡೆಯಿತು: ಸಂಗೀತ ನಿರ್ದೇಶನಕ್ಕಾಗಿ ಹಂಸಲೇಖ, ಹಿನ್ನೆಲೆ ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ. ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿಯದ ಗಾಯಕರೊಬ್ಬರು ಹಿಂದೂಸ್ತಾನಿ ಬಂದಿಶಿನ ಧಾಟಿಯ ಹಾಡಿಗೆ ಈ ಪ್ರಶಸ್ತಿ ಪಡೆದುದು ಅಂದು ಚರ್ಚೆಯ ವಿಷಯವಾಗಿತ್ತು. ಕೊಡಗು, ಹಳೆಯ ಮೈಸೂರು, ಕರಾವಳಿಗಳ ಬಹುಪಾಲು ಜನರಿಗೆ ಗದಗಿನ ಗವಾಯಿಗಳ ಪರಿಚಯವಾದದ್ದು ಈ ಚಿತ್ರದ ಹಾಡುಗಳಿಂದ. ಪರಿಣಾಮವಾಗಿ ಗುರುಶಿಷ್ಯರಿಬ್ಬರನ್ನು ಒಬ್ಬರೆಂದೇ ತಿಳಿಯುವ ತಪ್ಪು ಇಂದಿಗೂ ಕಂಡುಬರುತ್ತದೆ. ಪಂಚಾಕ್ಷರ ಗವಾಯಿಗಳು ೧೯೪೪ರಲ್ಲಿ ತೀರಿಕೊಂಡ ಗುರು, ಪುಟ್ಟರಾಜರು ಶಿಷ್ಯ ಹಾಗೂ ಉತ್ತರಾಧಿಕಾರಿ.

ನಿಧನ

ಪುಟ್ಟರಾಜರು ಕೆಲಕಾಲದ ಅನಾರೋಗ್ಯದ ಬಳಿಕ ೨೦೧೦ರ ಸೆಪ್ಟೆಂಬರ್ ೧೭ರಂದು ಗದಗಿನಲ್ಲಿ ನಿಧನರಾದರು. ನಾಡಿನ ಮೂಲೆಮೂಲೆಗಳಿಂದ ಜನಸಾಗರ ಹರಿದುಬಂದಿತು. ಸಕಲ ಸರ್ಕಾರಿ ಗೌರವಗಳೊಂದಿಗೆ, ವೀರಶೈವ ವಿಧಿಗನುಸಾರವಾಗಿ ಪುಣ್ಯಾಶ್ರಮದ ಆವರಣದಲ್ಲಿ ಅವರ ಸಮಾಧಿ ನಡೆಯಿತು. ಗದಗಿನಲ್ಲಿ ಗುರುಶಿಷ್ಯರ ಪುಣ್ಯಸ್ಮರಣೆಯು ಪ್ರತಿವರ್ಷ ಸಂಗೀತಸೇವೆಯೊಂದಿಗೆ ಜರುಗುತ್ತದೆ. ಆಶ್ರಮದಲ್ಲಿ ಕಲಿತು ಹೋದ ಗವಾಯಿಗಳು ಅಂದು ಊರೂರುಗಳಿಂದ ಬಂದು ಸಮಾಧಿಯ ಮುಂದೆ ಹಾಡುತ್ತಾರೆ.